ಹೆಸರು ಸೇರಿಸುವ ವಿಧಾನ

ಸೋಸಲೆ
೧೪ ಜೂನ್ ೨೦೨೩

ನಾಗರತ್ನಳಿಗೆ,

ಕೈಬರಹ ಗುರುತು ಸಿಕ್ಕರೆ ನೀನು ಈ ಕಾಗದವನ್ನು ಕೊನೆಯವರೆಗೆ ಓದುತ್ತೀಯೋ ಇಲ್ಲವೋ ತಿಳಿಯದು. ಅದಕ್ಕೇ ಕೆಲಸದ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷ ನಿವೃತ್ತಳಾದೆ. ಈಗ ನಮ್ಮೂರ ಗ್ರಂಥಾಲಯದಲ್ಲಿ ದಿನಕ್ಕೆ ಮೂರು ಗಂಟೆ ಕೂರುತ್ತೇನೆ. ಅಲ್ಲಿ ಯಾರೋ ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರ್ ಒಂದಿದೆ, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿ ಮಧುಶ್ರೀ ನರಸೀಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಮೂರೂ ಮಾಡುವ ಯಂತ್ರವೊಂದನ್ನು ಅವಳು ತಂದುಕೊಟ್ಟಳು. ಜೆರಾಕ್ಸ್ ಮಾತ್ರ ತಾನಾಗಿ ಆಗುತ್ತದೆ. ಕಂಪ್ಯೂಟರಿಗೂ ಯಂತ್ರಕ್ಕೂ ಮಾತುಕತೆಯಿಲ್ಲ. ನರಸೀಪುರದ ಅಂಗಡಿಯವರೊಬ್ಬರು ಬಂದು ನೋಡಿ, "ಈ ಲಿನಕ್ಸ್‌ನೆಲ್ಲ ಕಿತ್ತಾಕಿ ಮೇಡಂ, ಇದ್ರಲ್ಲಿ ಇವೆಲ್ಲ ಓಡಲ್ಲ" ಎಂದು ಹೋದರು.

ಆಗ ಮಧುಶ್ರೀ ಹೇಳಿದಳು: "ನಂಜನಗೂಡಲ್ಲಿ ತಾಲ್ಲೂಕಾಫೀಸ್ ಹತ್ರ ಒಬ್ರಿದ್ದಾರೆ ಮಿಸ್. ಹದಿನೈದು ವರ್ಷದಿಂದ ಅವ್ರ ಟೈಪಿಂಗ್ ಅಂಗಡಿ ಪೂರ್ತಿ ಲಿನಕ್ಸೇ." ಹೆಸರೇನು ಎಂದು ಕೇಳಿದೆ. ಹೇಳಿದಳು. ನಿನ್ನ ನಂಬರನ್ನೂ ಬರೆದುಕೊಟ್ಟಳು. ಫೋನು ಹಿಡಿದು ಎರಡು ದಿನ ಕೂತೆ, ಒತ್ತುವುದಕ್ಕೆ ಆಗಲಿಲ್ಲ.

ಸ್ಕ್ಯಾನ್ ಮಾಡಲೇಬೇಕಾದ ಕೆಲವು ಹಳೆಯ ಪುಸ್ತಕಗಳಿವೆ. ಹುಳ ಹಿಡಿದಿದೆ. ಮುಟ್ಟಿದರೆ ಅಂಚು ಪುಡಿಯಾಗುತ್ತದೆ, ಆದ್ದರಿಂದ ಯಾವ ಅಂಗಡಿಗೂ ಹೊತ್ತುಕೊಂಡು ಹೋಗಲಾರೆ. ಇನ್ನೊಂದು ಮಳೆಗಾಲ ಅವು ತಡೆಯುವುದಿಲ್ಲ. ದಾರಿ ತೋರಿಸಲು ಸಾಧ್ಯವೇ?

ವೆಂಕಟಲಕ್ಷ್ಮಿ


ನಂಜನಗೂಡು
22 ಜೂನ್ 2023

ವೆಂಕಟಲಕ್ಷ್ಮಿ ಮೇಡಂ ಅವರಿಗೆ ನಮಸ್ಕಾರ.

ಕಾಗದ ಬಂತು. ಫೋನ್ ಮಾಡದೇ ಇದ್ದದ್ದು ಒಳ್ಳೆಯದಾಯಿತು. ಅಂಗಡಿಯಲ್ಲಿ ಗದ್ದಲ. ಅಲ್ಲದೆ ಲಿನಕ್ಸಿಗೆ ಟೈಪ್ ಮಾಡಿ ಕೊಡುವ ಆಜ್ಞೆಗಳಲ್ಲಿ ಒಂದು ಅಡ್ಡಗೆರೆ ಬಿಟ್ಟುಹೋದರೂ ಕೆಲಸ ಕೆಡುತ್ತದೆ. ಕಾಗದದಲ್ಲಿದ್ದರೆ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಮಾಡಬಹುದು. ಹೀಗೇ ಬರೆಯಿರಿ.

ಲಿನಕ್ಸ್ ಕೀಳಬೇಡಿ. ಯಂತ್ರದ ಜೊತೆ ಬಂದ ಸೀಡಿ ನಿಮಗೆ ಉಪಯೋಗವಿಲ್ಲ, ಪಕ್ಕಕ್ಕಿಡಿ. ಯಂತ್ರದ ವೈರನ್ನು ಕಂಪ್ಯೂಟರಿನ ಹಿಂಬದಿಗೆ ನೇರವಾಗಿ ಸಿಕ್ಕಿಸಿ, ನಡುವೆ ಜಾಯಿಂಟ್ ವೈರ್ ಇರಬಾರದು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ ಎಂಬ ಕಡೆ ಹೋಗಿ ಹೊಸದನ್ನು ಸೇರಿಸಿ. ಒಂದೇ ಯಂತ್ರ ಎರಡು ಸಲ ಕಾಣಿಸಬಹುದು. "ಡ್ರೈವರ್‌ಲೆಸ್" ಎಂದಿರುವುದನ್ನು ಆರಿಸಿಕೊಳ್ಳಿ. ಏನೂ ಕಾಣದಿದ್ದರೆ ಏನು ಮಾಡಬೇಕೆಂಬುದನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಇದರ ಜೊತೆ ಇಟ್ಟಿದ್ದೇನೆ.

ಪ್ರಿಂಟ್ ಬಂದ ಕೂಡಲೇ ಸ್ಕ್ಯಾನರೂ ಬಂತು ಎಂದುಕೊಳ್ಳಬೇಡಿ. ಒಂದೇ ಪೆಟ್ಟಿಗೆಯಲ್ಲಿದ್ದರೂ ಲಿನಕ್ಸಿನ ಲೆಕ್ಕದಲ್ಲಿ ಅವು ಎರಡು ಬೇರೆ ಯಂತ್ರಗಳು. ಮೊದಲು ಪ್ರಿಂಟ್ ಆಗಲಿ.

ಹಳೆಯ ಪುಸ್ತಕಗಳು ಯಾವುವು ಎಂದು ನೀವು ಬರೆದಿಲ್ಲ.

ನಾಗರತ್ನ


ಸೋಸಲೆ
೩ ಜುಲೈ ೨೦೨೩

ನಾಗರತ್ನಳಿಗೆ,

ಪ್ರಿಂಟ್ ಬಂತು!

ನೀನು ಹೇಳಿದ ಜಾಯಿಂಟ್ ವೈರ್ ನಮ್ಮಲ್ಲಿ ನಿಜವಾಗಿಯೂ ಇತ್ತು. ಮೇಜು ದೂರ ಎಂದು ನಮ್ಮ ಗ್ರಂಥಾಲಯದ ಮೇಲ್ವಿಚಾರಕ ಮಾದೇಶ್ ಹಾಕಿಸಿದ್ದರು. ಅದನ್ನು ತೆಗೆದು, ಮೇಜನ್ನೇ ಇಬ್ಬರೂ ಎಳೆದು ಹತ್ತಿರಕ್ಕೆ ತಂದೆವು. ಪರೀಕ್ಷೆಯ ಹಾಳೆ ಬಣ್ಣಬಣ್ಣವಾಗಿ ಹೊರಗೆ ಬಂದಾಗ ಪೇಪರ್ ಓದುತ್ತಿದ್ದವರೆಲ್ಲ ಎದ್ದು ಬಂದು ನೋಡಿದರು. ಮೂವತ್ತೈದು ವರ್ಷ ಪಾಠ ಹೇಳಿದವಳು, ಒಂದು ಹಾಳೆಗೆ ಅಷ್ಟು ಹಿಗ್ಗಿದೆ.

ಹಿಗ್ಗು ಹತ್ತು ನಿಮಿಷ ಇತ್ತು. "ಸೋಸಲೆ ಗ್ರಂಥಾಲಯ" ಎಂದು ಕನ್ನಡದಲ್ಲಿರುವ ಕಡತವೊಂದನ್ನು ಪ್ರಿಂಟ್ ಹಾಕಿದೆ. ಅಕ್ಷರಗಳ ಜಾಗದಲ್ಲಿ ಸಾಲಾಗಿ ಚೌಕಗಳು ಬಂದವು. ಮಾದೇಶ್ ಹಾಳೆ ಹಿಡಿದುಕೊಂಡು, "ಏನ್ ಮೇಡಂ, ಸೈಟ್ ಪ್ಲಾನ್ ಬಂದಂಗದೆ?" ಎಂದರು. ಇದಕ್ಕೇನು ಮಾಡಲಿ? ಸ್ಕ್ಯಾನರನ್ನೂ ಪ್ರಯತ್ನಿಸಿದೆ. "ಯಾವ ಸ್ಕ್ಯಾನರೂ ಸಿಗಲಿಲ್ಲ" ಎನ್ನುತ್ತದೆ. ಅದು ಅಲ್ಲೇ, ನನ್ನ ಮೊಣಕೈ ತಾಗುವಷ್ಟು ಹತ್ತಿರ ಕೂತಿದೆ.

ಪುಸ್ತಕಗಳು ಯಾವುವೆಂದು ನಿನಗೆ ಗೊತ್ತು. ಮೂರಿವೆ. ನೀಲಿ ರಟ್ಟಿನವು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಒಬ್ಬರ ಹೆಸರು ಹಿಡಿದು ಕೇಳುವ ಧೈರ್ಯ ಸಾಲದೆ ಎಲ್ಲರೂ ಎಂದು ಬರೆದೆ.

ವೆಂಕಟಲಕ್ಷ್ಮಿ


ನಂಜನಗೂಡು
12 ಜುಲೈ 2023

ಮೇಡಂ ಅವರಿಗೆ,

ಚೌಕ ಬಂದರೆ ಯಂತ್ರದ ತಪ್ಪಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲ, ಅಷ್ಟೇ. ಹಾಕುವ ಕ್ರಮ ಜೊತೆಗಿಟ್ಟ ಹಾಳೆಯಲ್ಲಿದೆ, ಐದು ನಿಮಿಷದ ಕೆಲಸ.

ಅವ್ವ ಇದ್ದಾಳೆ. ಎಂಬತ್ತೇಳು. ಕಣ್ಣಿನ ಆಪರೇಷನ್ ಆಗಿದೆ, ಕಿವಿ ಚುರುಕಾಗಿದೆ. ನನ್ನ ಜೊತೆಯಲ್ಲೇ, ಅಂಗಡಿಯ ಹಿಂದಿನ ಮನೆಯಲ್ಲಿ.

ನೀಲಿ ರಟ್ಟಿನ ಪುಸ್ತಕ ಎಂದು ಬರೆದಿರಿ. ನಾನೂ ಮನಸ್ಸಿನಲ್ಲಿರುವುದನ್ನು ಬರೆದುಬಿಡುತ್ತೇನೆ. ಬಿಳಿಗೆರೆಗೆ ಹೊಸ ಟೀಚರಾಗಿ ಬಂದು ನೀವು ನಾಲ್ಕು ವರ್ಷ ನಮ್ಮ ಮನೆಯಲ್ಲಿ ಬಾಡಿಗೆಗಿದ್ದಿರಿ. ಸಾಯಂಕಾಲ ಅವ್ವ ಹಾಡುತ್ತಿದ್ದಳು, ನೀವು ಆ ನೀಲಿ ನೋಟ್‌ಬುಕ್ಕುಗಳಲ್ಲಿ ಬರೆದುಕೊಳ್ಳುತ್ತಿದ್ದಿರಿ. ಅವಳು ಹೇಳಿದ ಮಾತು ನಿಮಗೆ ಅರ್ಥವಾಗದಿದ್ದರೆ ನಾನು ಬಿಡಿಸಿ ಹೇಳುತ್ತಿದ್ದೆ. 2009ರಲ್ಲಿ ಅದೇ ಹಾಡುಗಳು ಪುಸ್ತಕವಾಗಿ ಬಂದವು. ಮೇಲೆ ನಿಮ್ಮ ಹೆಸರು ಮಾತ್ರ. ನಾನು ಮೊದಲಿಂದ ಕೊನೆಯವರೆಗೆ ಅವ್ವನಿಗೆ ಓದಿ ಹೇಳಿದೆ. ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು. "ನನ್ನೆಸ್ರು ಎಲ್ಲದವ್ವ?"

ಹಾಳೆ ಅಂಟಿಕೊಂಡಿದೆ ಎಂದು ಸುಳ್ಳು ಹೇಳಿದೆ. ಮಾರನೆಯ ದಿನ ನಿಮಗೆ ಫೋನ್ ಮಾಡಿದಾಗ ನೀವು, "ಜಾನಪದಕ್ಕೆ ಯಾರ ಹೆಸರೂ ಇರೋದಿಲ್ಲ ನಾಗು" ಅಂದಿರಿ. ಅದೇ ಕೊನೆ.

ಈಗ ಸ್ಕ್ಯಾನರ್ ವಿಷಯ. ನಿಮ್ಮ ಯಂತ್ರ ಸರಿಯಾಗಿದೆ. ಲಿನಕ್ಸಿನಲ್ಲಿ ಸ್ಕ್ಯಾನರ್ ಬಳಸಬಹುದಾದವರದು ಒಂದು ಗುಂಪು ಇರುತ್ತದೆ. ನಿಮ್ಮ ಹೆಸರು ಆ ಗುಂಪಿನಲ್ಲಿ ಇಲ್ಲ ಎಂದು ಕಾಣುತ್ತದೆ. ಇಲ್ಲದಿದ್ದರೆ ಎಷ್ಟು ಹತ್ತಿರ ಕೂತಿದ್ದರೂ ಯಂತ್ರ ಕಾಣುವುದಿಲ್ಲ. ಹೆಸರು ಸೇರಿಸುವ ವಿಧಾನ ಹಾಳೆಯಲ್ಲಿದೆ. ಒಂದೇ ಸಾಲು. ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ, ಆಗಲೇ ಅದು ಲೆಕ್ಕಕ್ಕೆ ಬರುವುದು.

ಹೆಸರು ಸೇರಿಸದಿದ್ದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ನಾಗರತ್ನ


ಸೋಸಲೆ
೩ ಸೆಪ್ಟೆಂಬರ್ ೨೦೨೩

ನಾಗರತ್ನ,

ಏಳು ವಾರ ಸುಮ್ಮನಿದ್ದೆ. ಫಾಂಟಿಗೆ ಒಂದು ಮಧ್ಯಾಹ್ನ ಹಿಡಿಯಿತು. ಸ್ಕ್ಯಾನರಿಗೆ ಒಂದು ಬೆಳಗ್ಗೆ. ಉಳಿದದ್ದೆಲ್ಲ ಈ ಕಾಗದಕ್ಕೆ. ಐದು ಸಲ ಬರೆದೆ. ನಾಲ್ಕರಲ್ಲಿ ನನ್ನ ಪರವಾಗಿ ನಾನೇ ವಾದ ಮಾಡಿಕೊಂಡಿದ್ದೆ, ಹರಿದೆ.

ಯಾರೂ ನನಗೆ ಹೆಸರು ತೆಗೆ ಎನ್ನಲಿಲ್ಲ. ಮುನ್ನುಡಿ ಬರೆದವರೂ ಹೇಳಲಿಲ್ಲ, ಅಚ್ಚು ಹಾಕಿದವರೂ ಹೇಳಲಿಲ್ಲ. ಅಚ್ಚಿಗೆ ಕಳಿಸುವ ಹಿಂದಿನ ದಿನ ಮೊದಲ ಪುಟ ನೋಡುತ್ತ ಕೂತಿದ್ದೆ. ಅವ್ವನ ಹೆಸರು ಮೇಲೆ, ನನ್ನದು ಕೆಳಗೆ. ನನ್ನದು ಚಿಕ್ಕದಾಗಿ ಕಂಡಿತು. ಇಪ್ಪತ್ತೆರಡು ವರ್ಷ ಟೀಚರಾಗಿದ್ದವಳಿಗೆ ಒಂದೇ ಒಂದು ಪುಸ್ತಕ ಬರುತ್ತಿದೆ, ಅದರಲ್ಲೂ ನಾನು ಬರೆದುಕೊಂಡವಳು ಮಾತ್ರವೇ ಅನ್ನಿಸಿತು. ಮೇಲಿನ ಸಾಲನ್ನು ಹೊಡೆದುಹಾಕಿದೆ. ಮುನ್ನುಡಿಯ ನಂತರ "ಹಳ್ಳಿಯ ಹೆಂಗಸೊಬ್ಬರು ಹಾಡಿದ್ದು" ಎಂದು ಸೇರಿಸಿದೆ. ಅವ್ವ ನನಗೆ ಜ್ವರ ಬಂದಾಗ ಒಂಬತ್ತು ದಿನ ಗಂಜಿ ಕಾಯಿಸಿ ಕೊಟ್ಟವರು. ಅವರನ್ನು ಹೆಂಗಸೊಬ್ಬರು ಎಂದು ಬರೆದ ಕೈ ನನ್ನದೇ. ನಿನಗೆ ಫೋನಿನಲ್ಲಿ ಹೇಳಿದ ಜಾನಪದದ ಮಾತು ಆಮೇಲೆ ಹುಡುಕಿಕೊಂಡದ್ದು.

ನಿನ್ನ ಹಾಳೆಯಲ್ಲಿದ್ದ ಆ ಒಂದು ಸಾಲನ್ನು ಟೈಪ್ ಮಾಡಿದೆ. ಏನೂ ಆಗಲಿಲ್ಲ ಎಂದು ಬೇಜಾರಾಯಿತು. ಮಾದೇಶ್ ಹಾಳೆ ಓದಿ, "ವರ್ಗೋಗ್ಬುಟ್ಟು ವಳೀಕ್ಬನ್ನಿ ಅಂತ ಬರ್ದವ್ರಲ್ಲ ಮೇಡಂ" ಎಂದು ನೆನಪಿಸಿದರು. ಹಾಗೇ ಮಾಡಿದೆ. ಈ ಸಲ ಯಂತ್ರದ ಹೆಸರು ಕಾಣಿಸಿತು. ಮುಚ್ಚಳದ ಕೆಳಗೆ ಬೆಳಕು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಹೋಯಿತು.

ಮೊದಲು ಸ್ಕ್ಯಾನ್ ಮಾಡಿದ ಹಾಳೆಯ ಪ್ರಿಂಟನ್ನು ಇದರ ಜೊತೆ ಇಟ್ಟಿದ್ದೇನೆ. ಒಂದನೆಯ ನೋಟ್‌ಬುಕ್ಕಿನ ಒಂದನೆಯ ಪುಟ. ನನ್ನ ಇಪ್ಪತ್ತೈದರ ಕೈಬರಹ. "ಹಾಡಿದವರು: ಪುಟ್ಟಗೌರಮ್ಮನವರು, ಬಿಳಿಗೆರೆ. ಮಾತು ಬಿಡಿಸಿ ಹೇಳಿದವಳು: ನಾಗರತ್ನ. ಬರೆದುಕೊಂಡವಳು: ವೆಂಕಟಲಕ್ಷ್ಮಿ." ಅಂದು ನನಗೆ ಗೊತ್ತಿತ್ತು.

ಇದನ್ನು ಅವ್ವನಿಗೆ ತೋರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ವೆಂಕಟಲಕ್ಷ್ಮಿ


ನಂಜನಗೂಡು
20 ಸೆಪ್ಟೆಂಬರ್ 2023

ಅಕ್ಕ,

ಬಣ್ಣದಲ್ಲೇ ಸ್ಕ್ಯಾನ್ ಮಾಡಿದ್ದು ಒಳ್ಳೆಯದಾಯಿತು. ಕಪ್ಪು ಬಿಳುಪಿನಲ್ಲಿ ಮಾಡಿದ್ದರೆ ಮಾಸಿದ ಶಾಯಿ ಹೋಗಿಬಿಡುತ್ತಿತ್ತು. ಮುಂದಿನ ಹಾಳೆಗಳಿಗೆ ಮುಚ್ಚಳ ಒತ್ತಬೇಡ, ಮೇಲೆ ಒಂದು ಕಪ್ಪು ಬಟ್ಟೆ ಹಾಸಿದರೆ ಸಾಕು, ಹಿಂದಿನ ಪುಟದ ಅಕ್ಷರ ಮೂಡುವುದಿಲ್ಲ.

ಕಾಗದವನ್ನು ಒಂದು ವಾರ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟುಕೊಂಡಿದ್ದೆ. ನನಗೆ ಸಿಟ್ಟು ಇತ್ತು, ಇಲ್ಲ ಎನ್ನುವುದಿಲ್ಲ. ಹದಿನಾಲ್ಕು ವರ್ಷ ಸಾಕಿದ ಸಿಟ್ಟು, ಒಂದು ಕಾಗದಕ್ಕೆ ಎದ್ದುಹೋಗುತ್ತದೆಯೇ? ಆದರೆ ನೀನು ಸಬೂಬು ಹೇಳಿದ್ದರೆ ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬಹುದಿತ್ತು. ಹಾಗಾಗಲು ನೀನು ಬಿಡಲಿಲ್ಲ.

ಭಾನುವಾರ ಅವ್ವನ ಎದುರಿಗೆ ಕೂತು ಆ ಪುಟ ಓದಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ, "ಊಂ, ಮುಂದ್ಕೋದು" ಎಂದಳು. ಮುಂದಿನದು ಇಲ್ಲವ್ವ, ಇದೊಂದೇ ಪುಟ ಕಳಿಸಿದ್ದಾರೆ ಎಂದೆ. "ಒಂದ್ ಪುಟ್ಕೆ ಇಷ್ಟ್ ವರ್ಸ ಬೇಕಾಯ್ತ ಅವ್ಳ್ಗೆ?" ಎಂದಳು.

ಆಮೇಲೆ ತಾನೇ ಅಚ್ಚಾದ ಪುಸ್ತಕ ತರಿಸಿದಳು. ನಾಟಿ ಹಾಡು ಓದು ಎಂದಳು. "ಹಸಿರೊಳಗೆ ಕಾಲಿಟ್ಟೆ, ಕಿರುಗೆಜ್ಜೆ ಮುಳುಗೋಯ್ತು" ಎಂದು ಓದಿದೆ. ಅವಳು ಎಲೆ ಕೆಳಗಿಟ್ಟಳು. "ಅಸ್ರಲ್ಲ ಕಣವ್ವ, ಕೆಸ್ರು! ಅಸ್ರೊಳ್ಗೆ ಗೆಜ್ಜೆ ಮುಳ್ಗೋಯ್ತದಾ? ಯಾವತ್ತಾರ ಗದ್ದೆಗಿಳ್ದಿದ್ರೆ ತಿಳೀತಿತ್ತು ಅವ್ಳ್ಗೆ. ಎಸ್ರು ಬುಟ್ಟಿದ್ದು ಇರ್ಲಿ, ಆಡ್ನೂ ಕೆಡ್ಸವ್ಳೆ. ಬರಕ್ಯೋಳು ಅವ್ಳ್ನ."

ಬರುವುದಕ್ಕೆ ಹೇಳಿದ್ದಾಳೆ. ನಾನೂ ಹೇಳುತ್ತಿದ್ದೇನೆ. ಮೊದಲು ಎಲ್ಲ ಪುಟ ಸ್ಕ್ಯಾನ್ ಮಾಡು, ನೋಟ್‌ಬುಕ್ಕುಗಳನ್ನು ಬಸ್ಸಿನಲ್ಲಿ ತರಬೇಡ. ಪೆನ್‌ಡ್ರೈವ್‌ನಲ್ಲಿ ತಾ.

ನಾಗು


ಸೋಸಲೆ
೫ ನವೆಂಬರ್ ೨೦೨೩

ಪ್ರೀತಿಯ ನಾಗು,

ಮನೆ ಸೇರಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ನೀನು ಕಟ್ಟಿಕೊಟ್ಟ ರೊಟ್ಟಿಯನ್ನು ನರಸೀಪುರ ದಾಟುವುದರೊಳಗೆ ತಿಂದು ಮುಗಿಸಿದೆ.

ನಿನ್ನ ಮನೆಯ ಬಾಗಿಲಲ್ಲಿ ನಾನು ಕಾಲಿಗೆ ಬೀಳಲು ಬಗ್ಗಿದಾಗ ಅವ್ವ ಹೇಳಿದ್ದನ್ನು ಇಲ್ಲಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದೇನೆ. "ಇದ್ಯಾಕವ್ವ ಇಂಗೆ ದಪ್ಪ ಆಗ್ಬುಟ್ಟಿದ್ದೀಯೆ, ಬಗ್ಗಕ್ಕೂ ಆಗಕ್ಕಿಲ್ವಲ್ಲ." ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡ ಮಾತೆಲ್ಲ ಆ ನಗುವಿನಲ್ಲಿ ಮರೆತುಹೋಯಿತು. ಆಮೇಲೆ ಅಡಿಗೆಮನೆಯಲ್ಲಿ ನೀನು ಇಲ್ಲದಾಗ ಅವರಿಗೆ ತಪ್ಪಾಯಿತು ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಏನೆಂದರು ಎಂದು ನೀನು ಕೇಳಿದೆ. ಕೈ ಬಿಡಲಿಲ್ಲ, ಅಷ್ಟೇ.

ಎರಡು ದಿನದಲ್ಲಿ ಅವರು ಹಿಡಿದ ತಪ್ಪು ಅರವತ್ತೊಂದು. ಕೆಲವು ನನಗೆ ಕೇಳಿಸದ್ದು. ಹೆಚ್ಚಿನವು ಚೆನ್ನಾಗಿರಲಿ ಎಂದು ನಾನೇ ತಿದ್ದಿದ್ದು. ಕೆಸರನ್ನು ಹಸಿರು ಮಾಡಿದ್ದೂ ಹಾಗೇ. ಈಗ ಅವರು ಹಾಡಿದಂತೆಯೇ ಟೈಪ್ ಮಾಡುತ್ತಿದ್ದೇನೆ. ದಿನಕ್ಕೆ ಎರಡು ಹಾಡು. ಎಡಗಡೆಯ ಪುಟದಲ್ಲಿ ನೋಟ್‌ಬುಕ್ಕಿನ ಸ್ಕ್ಯಾನ್, ಬಲಗಡೆ ಹಾಡು. ದೊಡ್ಡ ಅಚ್ಚುಮನೆ ಬೇಡ, ಗ್ರಂಥಾಲಯದ ಯಂತ್ರದಲ್ಲೇ ನಲವತ್ತು ಪ್ರತಿ ತೆಗೆಯೋಣ ಎಂದು ಮಾದೇಶ್ ಹೇಳುತ್ತಾರೆ. ಹಾಳೆ ಹೊಲಿಯುವುದನ್ನು ಅವರು ಕಲಿತಿದ್ದಾರಂತೆ.

ಮೊದಲ ಪುಟದ ಕರಡು ಇದರೊಂದಿಗಿದೆ. ಅವ್ವನ ಹೆಸರು ದೊಡ್ಡದಾಗಿ, ನಮ್ಮಿಬ್ಬರದು ಕೆಳಗೆ ಒಂದೇ ಅಳತೆಯಲ್ಲಿ. ಅವ್ವನಿಗೆ ಓದಿ ಹೇಳು. ಸರಿ ಎಂದರೆ ಅಂತಿಮ.

ಅಕ್ಕ


ನಂಜನಗೂಡು
18 ಡಿಸೆಂಬರ್ 2023

ಅಕ್ಕ,

ಅಂತಿಮ ಆಗಲಿಲ್ಲ.

ಕರಡು ಓದಿದೆ. ಇನ್ನೇನು, ಈ ಸಲ ಅವ್ವ ಹಿಗ್ಗುತ್ತಾಳೆ ಎಂದುಕೊಂಡೆ. ಅವಳ ಮುಖ ಸಪ್ಪಗಾಯಿತು. ಆಮೇಲೆ ಮಾತು ಶುರುಮಾಡಿದವಳು ನಿಲ್ಲಿಸಲಿಲ್ಲ. ನಾನು ಕೀಬೋರ್ಡ್ ಎಳೆದುಕೊಂಡು ಅವಳು ಹೇಳಿದ ಹಾಗೇ ಟೈಪ್ ಮಾಡಿದ್ದೇನೆ. ಒಂದಕ್ಷರ ತಿದ್ದಿಲ್ಲ, ನೀನೂ ತಿದ್ದಬೇಡ.

"ವೆಂಕಟಲಕ್ಷ್ಮವ್ವ, ನನ್ನೆಸ್ರು ಒಂದ್ನೇ ಆಕಿದ್ದೀಯಲ್ಲ, ನಾನೇನ್ ವಟ್ಟೇಲೇ ಆಡ್ ಕಲ್ತ್ಕಬಂದಿದ್ನಾ? ನಾನು ಮುಡುಕುತೊರೆ ಮಗ್ಳು. ಅನ್ನೊಂದ್ ವರ್ಸುಕ್ಕೆ ನಾಟಿ ಆಕಕ್ಕೋದೆ. ಸಿದ್ದಲಿಂಗಮ್ಮ ಅಂತ ಒಬ್ಳಿದ್ಲು, ಸಾಲ್ಗೆ ಮುಂದಾಳು. ಅವ್ಳು ಮೊದ್ಲು ಅನ್ನೋಳು, ನಾವು ಇಂದ್ಗಡೆ ಅನ್ನೋವು. ಗಂಟ್ಲು ಅಂದ್ರೆ ಅವ್ಳ್ದು. ನಂದೇನು. ಅವ್ಳ ಎಸ್ರಾಕು. ದೇವೀರಮ್ಮ, ಅವ್ಳ ತಂಗಿ ರಾಚಮ್ಮ, ಕುಂಟ್ ಮಾದಮ್ಮ, ಅವ್ಳ್ಗೆ ಸೋಬಾನೆ ಎಲ್ಲ ಬತ್ತಿತ್ತು. ಇನ್ನೊಬ್ಳು, ಸಣ್ಕೆ ಇದ್ಲು, ಮದ್ವೆ ಆಗಿ ಎಲ್ಗೋ ವಂಟೋದ್ಲು, ಕೆಸ್ರಿನ್ ಆಡು ಕಟ್ಟಿದ್ದೇ ಅವ್ಳು. ಅವ್ಳೆಸ್ರು ನಾಲ್ಗೆ ತುದೀಲದೆ, ಬರಾಕಿಲ್ಲ. ನನ್ನೆಸ್ರು ಬುಟ್ಟೆ ಅಂತ ನನ್ಮಗ್ಳು ನಿನ್ಮೇಲೆ ಅಷ್ಟ್ ವರ್ಸ ಮುನ್ಸ್ಕಂಡಿದ್ಲು. ಇವ್ರ್ನೆಲ್ಲ ಬುಟ್ಟು ನಾನೊಬ್ಳೇ ಕುಂತ್ಕಂಡ್ರೆ ನನ್ಮೇಲೆ ಮುನ್ಸ್ಕಳಕ್ಕೆ ಅವ್ರ್ಗ್ಯಾರವ್ರೆ?"

ಇಷ್ಟು ವರ್ಷದಲ್ಲಿ ಅವ್ವನಿಗೆ ಹಾಡು ಕಲಿಸಿದವರು ಯಾರು ಎಂದು ನಾನೂ ಒಂದು ದಿನ ಕೇಳಿರಲಿಲ್ಲ.

ನಾಗು


ಸೋಸಲೆ
೨೮ ಜನವರಿ ೨೦೨೪

ಪ್ರೀತಿಯ ನಾಗು,

ಪುಸ್ತಕ ಆಯಿತು. ಮೊದಲ ಪ್ರತಿ ಅವ್ವನಿಗೆ, ಇದರ ಜೊತೆ ಕಳಿಸಿದ್ದೇನೆ.

ಮುಡುಕುತೊರೆಗೆ ಎರಡು ಸಲ ಹೋಗಿ ಬಂದೆ, ಅದಕ್ಕೇ ತಡ. ಸಿದ್ದಲಿಂಗಮ್ಮನವರು ಹೋಗಿ ಮೂವತ್ತು ವರ್ಷವಾಗಿದೆ. ಅವರ ಸೊಸೆ ಇದ್ದಾರೆ. ನಿಮ್ಮತ್ತೆಯ ಹಾಡು ಎಂದು ಒಂದು ಸಾಲು ಹೇಳಿದೆ, ಆಕೆ ಸೌದೆ ಕೆಳಗಿಟ್ಟು ಉಳಿದ ಮೂರು ಸಾಲು ಹೇಳಿದರು. ದೇವೀರಮ್ಮ, ರಾಚಮ್ಮ, ಮಾದಮ್ಮ ಇವರೆಲ್ಲ ಅಲ್ಲಿಯವರಿಗೆ ನೆನಪಿದ್ದಾರೆ. ಆ ಸಣ್ಣಗಿದ್ದ ಹುಡುಗಿಯ ಹೆಸರು ಯಾರಿಗೂ ಗೊತ್ತಿಲ್ಲ. ಅವಳ ಮನೆಯವರು ಊರು ಬಿಟ್ಟು ಬಹಳ ಕಾಲವಾಯಿತಂತೆ.

ಮೊದಲ ಪುಟದಲ್ಲಿ "ಹಾಡಿದವರು" ಎಂಬುದರ ಕೆಳಗೆ ಐವರ ಹೆಸರಿದೆ. ಐದನೆಯದು ಅವ್ವನದು, ಹನ್ನೊಂದಕ್ಕೇ ನಾಟಿಗೆ ಹೋದ ಅವರೇ ಎಲ್ಲರಿಗಿಂತ ಚಿಕ್ಕವರಾದ್ದರಿಂದ. ಅದರ ಮೇಲೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಮಾದೇಶ್ ನೋಡಿ, "ಪ್ರಿಂಟ್ ಬುಟ್ಟೋಗದೆ ಮೇಡಂ" ಎಂದು ಗಾಬರಿಯಾದರು. ಬಿಟ್ಟುಹೋಗಿಲ್ಲ, ಕಾಯುತ್ತಿದೆ ಎಂದೆ. ಮೂವತ್ತೊಂಬತ್ತು ಪ್ರತಿಗಳನ್ನು ಹೊಲಿಯದೆ ಇಟ್ಟುಕೊಂಡಿದ್ದೇವೆ.

ಅವ್ವನಿಗೆ ಅವಸರ ಮಾಡಬೇಡ.

ಅಕ್ಕ


ನಂಜನಗೂಡು
16 ಫೆಬ್ರವರಿ 2024

ಅಕ್ಕ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಲಕೋಟೆ ಹುಡುಕುವಷ್ಟು ತಾಳ್ಮೆ ಇಲ್ಲ. ಇವತ್ತು ಬೆಳಗ್ಗೆ ಅವ್ವನಿಗೆ ತಲೆ ಬಾಚುತ್ತಿದ್ದೆ. ನಾನು ಏನೂ ಕೇಳಿರಲಿಲ್ಲ. ಅವಳು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ನಿಲ್ಲಿಸಿ, ಗದ್ದೆಯ ಆ ಬದಿಯಲ್ಲಿರುವವರಿಗೆ ಕೇಳಿಸುವ ಹಾಗೆ ಕೂಗಿದಳು.

"ಚಿಕ್ಕತಾಯಮ್ಮ!"

ನಾಗು